ಸುಂಕದವರ ಮುಂದೆ ನಮ್ಮ ಸುಖದುಃಖ: ಬೆಂಗಳೂರು–ಮೈಸೂರು ಹೆದ್ದಾರಿಯ ನಡುವಿನ ಊರಿಂದ ಒಂದು ಬಹಿರಂಗ ಪತ್ರ

ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಅಧಿಕಾರಿಗಳಿಗೆ, ರಾಜ್ಯದ ಲೋಕೋಪಯೋಗಿ ಇಲಾಖೆಯವರಿಗೆ, ಈ ದಾರಿಯಲ್ಲಿ ಓಡಾಡುವ ಎಲ್ಲರಿಗೂ,

ನಮಸ್ಕಾರ.

ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಅನ್ನುವುದು ನಮ್ಮಲ್ಲಿ ಹಳೇ ಮಾತು. ಅದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನಾನು ಮದ್ದೂರು ತಾಲ್ಲೂಕಿನವನು. ಅಂದರೆ ಬೆಂಗಳೂರಿನವನೂ ಅಲ್ಲ, ಮೈಸೂರಿನವನೂ ಅಲ್ಲ, ನಡುವಿನವನು. ಈ ಹೆದ್ದಾರಿಯ ಬಗ್ಗೆ ಮಾತಾಡುವವರೆಲ್ಲ ಎರಡು ತುದಿಗಳ ಬಗ್ಗೆಯೇ ಮಾತಾಡುತ್ತಾರೆ. ಎಷ್ಟು ನಿಮಿಷದಲ್ಲಿ ಹೋದೆ, ಎಷ್ಟು ನಿಮಿಷದಲ್ಲಿ ಬಂದೆ ಅಂತ. ನನ್ನ ಪತ್ರ ನಡುವಿನ ಊರುಗಳ ಬಗ್ಗೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ. ಇವುಗಳ ಸುತ್ತಮುತ್ತಲ ಹಳ್ಳಿಗಳು.

ಮೊದಲೇ ಹೇಳಿಬಿಡುತ್ತೇನೆ, ರಸ್ತೆ ಬೇಡವಾಗಿತ್ತು ಅನ್ನುವವರಲ್ಲಿ ನಾನಿಲ್ಲ. ಹಳೇ ರಸ್ತೆಯಲ್ಲಿ ಬೆಂಗಳೂರಿಂದ ಮೈಸೂರಿಗೆ ಮೂರು ಗಂಟೆ ಹಿಡಿಯುತ್ತಿತ್ತು. ದಸರಾ ಸಮಯದಲ್ಲಿ ಅದಕ್ಕೂ ಜಾಸ್ತಿ. ಈಗ ಒಂದೂವರೆ ಗಂಟೆಯ ದಾರಿ. ಮಂಡ್ಯದಿಂದ ಯಾರನ್ನಾದರೂ ಆಂಬುಲೆನ್ಸಿನಲ್ಲಿ ಮೈಸೂರಿಗೋ ಬೆಂಗಳೂರಿಗೋ ಕರೆದೊಯ್ಯಬೇಕಾದಾಗ ಆ ಉಳಿದ ಸಮಯದ ಬೆಲೆ ಏನು ಅಂತ ನಮಗೂ ಗೊತ್ತು. ಆರು ಪಥದ ಮುಖ್ಯ ರಸ್ತೆ, ಎರಡೂ ಕಡೆ ಎರಡೆರಡು ಪಥದ ಸರ್ವಿಸ್ ರಸ್ತೆ, ಒಟ್ಟು ಹತ್ತು ಪಥ. ಸುಮಾರು 118 ಕಿಲೋಮೀಟರ್. ಸರ್ಕಾರವೇ ಹೇಳಿದ ಲೆಕ್ಕದಲ್ಲಿ ಖರ್ಚು ಸುಮಾರು 8,480 ಕೋಟಿ ರೂಪಾಯಿ. ದೊಡ್ಡ ಕೆಲಸವೇ. ಇಲ್ಲ ಅನ್ನುವುದಿಲ್ಲ.

ನನ್ನ ತಕರಾರು ಬೇರೆ. ಆ ಹತ್ತು ಪಥಗಳಲ್ಲಿ ಟೋಲ್ ಕಟ್ಟುವ ಆರು ಪಥಕ್ಕೆ ಸಿಕ್ಕ ಗಮನ, ನಮಗೆ ಅಂತ ಬಿಟ್ಟುಕೊಟ್ಟ ನಾಲ್ಕು ಪಥಕ್ಕೆ ಸಿಗಲಿಲ್ಲ.

ಅದನ್ನು ಹೇಳುವ ಮೊದಲು ಈ ದಾರಿಯ ಹಳೇ ಕಥೆ ಸ್ವಲ್ಪ ಹೇಳಬೇಕು. ಎಂಜಿನಿಯರುಗಳಿಗೆ ನಕ್ಷೆ ಗೊತ್ತಿರುತ್ತದೆ. ದಾರಿಯ ವಂಶಾವಳಿ ಗೊತ್ತಿರಬೇಕು ಅಂತೇನಿಲ್ಲ ಅಲ್ವಾ.

1791–92ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದಾಗ ಈ ಸೀಮೆಯ ಬೆಟ್ಟದ ಕೋಟೆಗಳನ್ನು ಮೊದಲು ಹಿಡಿಯಬೇಕಾಯಿತು. ರಾಮಗಿರಿ, ಶಿವನಗಿರಿಯ ಕೋಟೆಗಳು ಆಗಲೇ ಬಿದ್ದದ್ದು. ಹಿಂದಿನಿಂದ ದವಸ ಧಾನ್ಯ ಬರುವ ದಾರಿ ಭದ್ರವಾಗಿರಬೇಕಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ರಾಜಧಾನಿ ಮೈಸೂರಿಗೆ ಹೋಯಿತು. ದಿವಾನ್ ಪೂರ್ಣಯ್ಯನವರ ಕೈಗೆ ಆಡಳಿತ ಬಂತು. ಆಗಲೂ ಬೆಟ್ಟ, ಬಂಡೆ, ಕಾಡಿನ ನಡುವೆ ಹಾದುಹೋಗುವ ಈ ಹಾದಿ ಒಂಟಿಯಾಗಿ ಹೋಗುವವರಿಗೆ ಅಪಾಯದ್ದೇ ಆಗಿತ್ತು. ಅದಕ್ಕೆ ಪೂರ್ಣಯ್ಯ ಏನು ಮಾಡಿದರು? 1800ರ ಸುಮಾರಿಗೆ ಅಲ್ಲೊಂದು ಊರನ್ನೇ ಕಟ್ಟಿಸಿದರು. ಬ್ರಿಟಿಷರ ಪ್ರತಿನಿಧಿ, ಅಂದರೆ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಲ್ಲಿ ಅದು ಕ್ಲೋಸ್‌ಪೇಟೆ ಆಯಿತು. ಇವತ್ತಿನ ರಾಮನಗರ ಅದೇ. (ಊರಿನ ಹೆಸರು ಕ್ಲೋಸಪ್ಪನಿಂದ ರಾಮನಿಗೆ ಬಂತು, 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಆಯಿತು. ಮುಂದೇನೋ.)

ಇಲ್ಲಿ ಸ್ವಲ್ಪ ನಿಲ್ಲಿ ಸ್ವಾಮಿ. ದಾರಿ ಸುರಕ್ಷಿತವಾಗಿರಲಿ ಅಂತ ಊರು ಕಟ್ಟಿದ್ದು. ಜನ ಇದ್ದರೆ, ಅಂಗಡಿ ಇದ್ದರೆ, ರಾತ್ರಿ ದೀಪ ಇದ್ದರೆ ದಾರಿಗೆ ಕಾವಲು ಅನ್ನುವ ಲೆಕ್ಕ. ಇನ್ನೂರು ವರ್ಷ ಆದ ಮೇಲೆ ನಾವು ಲೆಕ್ಕ ತಿರುಗಿಸಿದೆವು. ದಾರಿ ಸುರಕ್ಷಿತವಾಗಿರಲಿ ಅಂತ ಊರಿನಿಂದ ಆಚೆ ಹೋದೆವು. ರಾಮನಗರ, ಚನ್ನಪಟ್ಟಣ ಎರಡನ್ನೂ ಬಳಸಿಕೊಂಡು ಹೋಗುವ ಬೈಪಾಸ್ ಒಂದೇ 22 ಕಿಲೋಮೀಟರ್ ಇದೆ. ಬಿಡದಿಗೆ ಏಳು, ಮಂಡ್ಯಕ್ಕೆ ಹತ್ತು, ಶ್ರೀರಂಗಪಟ್ಟಣಕ್ಕೆ ಎಂಟು. ಮದ್ದೂರಲ್ಲಿ ರಸ್ತೆ ಕಂಬಗಳ ಮೇಲೆ ಹತ್ತಿ ನಮ್ಮ ತಲೆಯ ಮೇಲಿಂದ ಹೋಗುತ್ತದೆ. ಹೀಗೆ ಹೊಸದಾಗಿ ಹಾಕಿದ ದಾರಿ ಎಲ್ಲ ಸೇರಿ ಸುಮಾರು 52 ಕಿಲೋಮೀಟರ್. ವೇಗದ ಕಾಲಕ್ಕೆ ಇದು ಸರಿಯೇ ಇರಬಹುದು. ಆದರೆ ಊರಿನಿಂದ ಆಚೆ ಹೋಗುವ ದಾರಿ ಊರಿಗೆ ಏನು ಬಿಟ್ಟುಹೋಗಬೇಕು ಅನ್ನುವುದನ್ನೂ ಯಾರಾದರೂ ಯೋಚಿಸಬೇಕಿತ್ತು.

ಪೂರ್ಣಯ್ಯನವರ ಕಾಲದಲ್ಲೇ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲಿನ ಸೇತುವೆ ಆಯಿತು, 1804ರಲ್ಲಿ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು. ಎಷ್ಟೋ ಪ್ರವಾಹ ಬಂದು ಹೋದರೂ ಆ ಕಲ್ಲುಕಂಬಗಳು ನಿಂತಿವೆ. ಮದ್ದೂರಲ್ಲಿ ಶಿಂಷಾ ನದಿಗೆ 1850ರಲ್ಲಿ ಏಳು ಕಮಾನಿನ ಇಟ್ಟಿಗೆ ಸೇತುವೆ ಕಟ್ಟಿದರು. 1881–82ರಲ್ಲಿ ರೈಲು ಬಂದಾಗ ಅದನ್ನೂ ಅದೇ ಸೇತುವೆಯ ಮೇಲೆ ಓಡಿಸಿದರು. ರೈಲೂ ರಸ್ತೆಯ ಪಕ್ಕದಲ್ಲೇ ಊರೂರನ್ನು ಮುಟ್ಟಿಕೊಂಡು ಹೋಯಿತು. ಆ ನಿಲ್ದಾಣಗಳಿಂದಲೇ ನಮ್ಮ ಊರುಗಳಿಗೆ ಹೆಸರು ಬಂದದ್ದು. ಮದ್ದೂರು ವಡೆ ಹುಟ್ಟಿದ್ದೇ ರೈಲು ನಿಲ್ದಾಣದಲ್ಲಿ ಅಂತ ಹೇಳುತ್ತಾರೆ. ಬೊಂಬೆಗೆ ಚನ್ನಪಟ್ಟಣ, ತಟ್ಟೆ ಇಡ್ಲಿಗೆ ಬಿಡದಿ, ರೇಷ್ಮೆ ಗೂಡಿಗೆ ರಾಮನಗರ. ದಾರಿಹೋಕರು ನಿಂತದ್ದರಿಂದ ಹುಟ್ಟಿದ ಅಥವಾ ಬೆಳೆದ ಕಸುಬುಗಳು ಇವು.

ಇನ್ನೊಂದು ವಿಷಯ ಹೇಳಿದರೆ ನೀವು ನಗಬಹುದು. ಮಂಡ್ಯದವರಿಗೆ ಈ ರಸ್ತೆ ಮಾತಾಡುವ ಜಾಗವೂ ಆಗಿತ್ತು. ಕಾವೇರಿ ವಿಷಯ ಬಂದಾಗಲೆಲ್ಲ ನಮ್ಮವರು ಕೂತದ್ದು ಹೆದ್ದಾರಿಯಲ್ಲಿ. 2002ರಲ್ಲಿ ಮುಖ್ಯಮಂತ್ರಿಯಾಗಿದ್ದ ಎಸ್.ಎಂ. ಕೃಷ್ಣ ಬೆಂಗಳೂರಿಂದ ಪಾದಯಾತ್ರೆ ಹೊರಟು ಮಂಡ್ಯದ ಕಡೆ ನಡೆದದ್ದೂ ಇದೇ ರಸ್ತೆಯಲ್ಲಿ. ಅವರ ಹುಟ್ಟೂರು ಸೋಮನಹಳ್ಳಿ ಇದೇ ರಸ್ತೆಯ ಊರು. ರಸ್ತೆ ತಡೆ ಮಾಡುವುದು ಸರಿ ಅಂತ ನಾನು ಹೇಳುತ್ತಿಲ್ಲ. ಪ್ರಯಾಣಿಕರಿಗೆ ಎಷ್ಟು ಕಷ್ಟ ಆಗುತ್ತಿತ್ತು ಅಂತ ಕಂಡವನೇ ನಾನು. ಆದರೆ ರಸ್ತೆಗೂ ಊರಿಗೂ ಇದ್ದ ನಂಟು ಎಂಥದ್ದು ಅನ್ನುವುದಕ್ಕೆ ಹೇಳಿದೆ.

ಬೆಂಗಳೂರು–ಮೈಸೂರು ನಡುವೆ ಟೋಲ್ ರಸ್ತೆ ಅನ್ನುವ ಕನಸು 2023ರಲ್ಲಿ ಹುಟ್ಟಿದ್ದಲ್ಲ. 1995ರಲ್ಲಿ, ದೇವೇಗೌಡರು ಮುಖ್ಯಮಂತ್ರಿ ಆಗಿದ್ದಾಗ, ಅಮೆರಿಕದ ಬಾಸ್ಟನ್‌ನಲ್ಲಿ ಒಂದು ಒಪ್ಪಂದ ಆಯಿತು. 1997ರಲ್ಲಿ ಜೆ.ಎಚ್. ಪಟೇಲರ ಕಾಲದಲ್ಲಿ ಅದಕ್ಕೆ ಗಟ್ಟಿ ರೂಪ ಬಂತು. ಬಿಎಂಐಸಿ, ಅಂದರೆ ಬೆಂಗಳೂರು–ಮೈಸೂರು ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್ ಯೋಜನೆ ಅಂತ. 111 ಕಿಲೋಮೀಟರ್ ಎಕ್ಸ್‌ಪ್ರೆಸ್ ರಸ್ತೆ, ಜೊತೆಗೆ ಐದು ಹೊಸ ಪಟ್ಟಣ. ಭೂಮಿ, ಕೋರ್ಟು, ತಕರಾರು, ಸದನದ ಗಲಾಟೆ. ಕೊನೆಗೆ ಬೆಂಗಳೂರಿನ ಸುತ್ತ ನೈಸ್ ರಸ್ತೆ ಆಯಿತು. ಮೈಸೂರಿನ ದಾರಿ ಆಗಲೇ ಇಲ್ಲ. ಆ ಯೋಜನೆಗೆ ಗುರುತಿಸಿದ ಹಳ್ಳಿಗಳ ರೈತರು ಜಮೀನು ಮಾರಲೂ ಆಗದೆ, ನೆಮ್ಮದಿಯಾಗಿ ಉಳಲೂ ಆಗದೆ ಕಳೆದ ವರ್ಷಗಳ ಕಥೆ ಬೇರೆಯೇ ಒಂದು ಪತ್ರ ಆಗುತ್ತದೆ. ಅದು ಇಲ್ಲಿಗೆ ಸಾಕು.

ಈ ನಡುವೆ ಹಳೇ ರಸ್ತೆ ರಾಜ್ಯ ಹೆದ್ದಾರಿ 17 ಆಗಿ, 2000ದ ದಶಕದಲ್ಲಿ ನಾಲ್ಕು ಪಥ ಆಯಿತು. ಆಮೇಲೆ ರಾಷ್ಟ್ರೀಯ ಹೆದ್ದಾರಿ 275ರ ಭಾಗವಾಯಿತು. ಈ 275 ಬಂಟ್ವಾಳದಿಂದ ಹೊರಟು ಪುತ್ತೂರು, ಸುಳ್ಯ, ಮಡಿಕೇರಿ, ಕುಶಾಲನಗರ, ಹುಣಸೂರು ದಾಟಿ ಮೈಸೂರಿಗೆ ಬಂದು ಬೆಂಗಳೂರಿಗೆ ಸೇರುವ ದಾರಿ. ಬೆಂಗಳೂರಿಂದ ನಿಡಘಟ್ಟದವರೆಗೆ 56 ಕಿಲೋಮೀಟರ್, ನಿಡಘಟ್ಟದಿಂದ ಮೈಸೂರಿಗೆ 61 ಕಿಲೋಮೀಟರ್, ಹೀಗೆ ಎರಡು ಭಾಗ ಮಾಡಿ ಹೊಸ ಕೆಲಸ ಶುರುವಾಯಿತು. 2018ರ ಮಾರ್ಚಿನಲ್ಲಿ ಶಂಕುಸ್ಥಾಪನೆ. 2023ರ ಮಾರ್ಚ್ 12ರಂದು ನಮ್ಮ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿಗಳಿಂದ ಲೋಕಾರ್ಪಣೆ. ಇದು ಯಾರು ತಂದ ರಸ್ತೆ ಅಂತ ಎಲ್ಲಾ ಪಕ್ಷದವರೂ ಆಗ ಜಗಳಾಡಿದರು. ಸರ್ವಿಸ್ ರಸ್ತೆ ಯಾರದು ಅಂತ ಮಾತ್ರ ಯಾರೂ ಜಗಳ ಆಡಲಿಲ್ಲ.

ಲೋಕಾರ್ಪಣೆ ಆಗಿ ಎರಡೇ ದಿನಕ್ಕೆ, ಮಾರ್ಚ್ 14ರಿಂದ, ಟೋಲ್ ಶುರು. ಬೆಂಗಳೂರಿಂದ ಹೊರಡುವವರಿಗೆ ಕಣಿಮಿಣಿಕೆಯಲ್ಲಿ, ಬೆಂಗಳೂರಿಗೆ ಬರುವವರಿಗೆ ಶೇಷಗಿರಿಹಳ್ಳಿಯಲ್ಲಿ. ಕಾರಿಗೆ ಒಂದು ಕಡೆಗೆ 135 ರೂಪಾಯಿ. ಸರ್ವಿಸ್ ರಸ್ತೆ ಮುಗಿಸಿ, ಆಮೇಲೆ ಟೋಲ್ ತಗೊಳ್ಳಿ ಅಂತ ಮೊದಲ ದಿನವೇ ಪ್ರತಿಭಟನೆ ನಡೆಯಿತು. ಏಪ್ರಿಲ್‌ನಲ್ಲಿ ದರ ಏರಿಸಿದಿರಿ, ವಿರೋಧ ಬಂತು, ಹಿಂದೆ ತೆಗೆದುಕೊಂಡಿರಿ. ಜೂನ್‌ನಲ್ಲಿ ಮತ್ತೆ ಏರಿಸಿ 165 ಮಾಡಿದಿರಿ. ನಡುವೆ ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ ಇತ್ತು. ಕಾಕತಾಳೀಯ ಇರಬಹುದು ಬಿಡಿ. ಜುಲೈ 1ರಿಂದ ಶ್ರೀರಂಗಪಟ್ಟಣದ ಹತ್ತಿರ ಗಣಂಗೂರಿನಲ್ಲಿ ಎರಡನೇ ಗೇಟು, 155 ರೂಪಾಯಿ. ಅಲ್ಲಿಗೆ ಮೈಸೂರಿಗೆ ಒಂದು ಸಲ ಹೋಗಲು 320 ಆಯಿತು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಮುಖ್ಯ ರಸ್ತೆಗೆ ಬರುವ ಹಾಗಿಲ್ಲ ಅಂತ ಆದೇಶ.

ಆ ಆದೇಶವನ್ನು ನಾನು ವಿರೋಧಿಸುವುದಿಲ್ಲ. ಆ ವರ್ಷದ ಮೊದಲ ತಿಂಗಳುಗಳಲ್ಲಿ ಈ ರಸ್ತೆಯಲ್ಲಿ ಎಷ್ಟು ಹೆಣ ಬಿದ್ದವು ಅಂತ ಎಲ್ಲರಿಗೂ ನೆನಪಿದೆ. ನೂರರ ಮಿತಿ ಇರುವ ಕಡೆ ನೂರೈವತ್ತರಲ್ಲಿ ಹೋಗುವ ಕಾರಿನ ಮುಂದೆ ಹಾಲಿನ ಕ್ಯಾನ್ ಕಟ್ಟಿಕೊಂಡ ಮೊಪೆಡ್ ಬಂದರೆ ಆಗುವುದು ಅದೇ. ಪೊಲೀಸರು ಕ್ಯಾಮೆರಾ ಹಾಕಿದರು, ವೇಗಕ್ಕೆ ದಂಡ ಹಾಕಿದರು, ಸಾವು ಕಡಿಮೆಯಾಯಿತು. ಅವರಿಗೆ ಸಲ್ಲಬೇಕಾದ ಹೆಸರು ಸಲ್ಲಲಿ.

ಆದರೆ ಆ ಆದೇಶದ ಇನ್ನೊಂದು ಅರ್ಥ ನೋಡಿ. ಅದಕ್ಕೆ ಮೊದಲು ಸರ್ವಿಸ್ ರಸ್ತೆ ಒಂದು ಅನುಕೂಲ. ಅದರ ನಂತರ ಅದೊಂದೇ ದಾರಿ. ಮಂಡ್ಯ ಜಿಲ್ಲೆ ಕಬ್ಬಿನ ಸೀಮೆ. ವಿಶ್ವೇಶ್ವರಯ್ಯ ನಾಲೆಯ ನೀರು, 1930ರ ದಶಕದಿಂದ ಇರುವ ಮೈಷುಗರ್ ಕಾರ್ಖಾನೆ, ಊರೂರಲ್ಲಿ ಆಲೆಮನೆ. ಕಟಾವಿನ ಕಾಲದಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರು, ಎತ್ತಿನ ಗಾಡಿ ಎಲ್ಲಿ ಹೋಗಬೇಕು? ಸರ್ವಿಸ್ ರಸ್ತೆಯಲ್ಲಿ. ಸರಿ, ಹೋಗೋಣ. ಅದು ನದಿ ಬಂದ ಕಡೆ, ರೈಲು ಹಳಿ ಬಂದ ಕಡೆ ನಿಂತುಹೋದರೆ? ಮುಖ್ಯ ರಸ್ತೆಗೆ ಸೇತುವೆ ಕಟ್ಟಿ, ಪಕ್ಕದ ಸರ್ವಿಸ್ ರಸ್ತೆಯನ್ನು ಅಲ್ಲಿಗೇ ಬಿಟ್ಟರೆ, ಟ್ರ್ಯಾಕ್ಟರಿನವನಿಗೆ ಎರಡೇ ದಾರಿ. ಒಂದು, ಊರು ಸುತ್ತಿಕೊಂಡು ಹೋಗಬೇಕು. ಎರಡು, ನಿಷೇಧ ಇರುವ ರಸ್ತೆಗೆ ಹತ್ತಬೇಕು. ಎರಡನೆಯದನ್ನು ಮಾಡಿದರೆ ದಂಡ, ಇಲ್ಲವೇ ಪ್ರಾಣ. ಮನೆಯ ಮುಂಬಾಗಿಲು ಮುಚ್ಚಿಸಿದವರು ಹಿತ್ತಲ ಬಾಗಿಲಿಗೆ ಮೆಟ್ಟಿಲನ್ನಾದರೂ ಕಟ್ಟಿಕೊಡಬೇಕಲ್ವಾ?

2023ರ ಮಾರ್ಚಿನಲ್ಲಿ, ಲೋಕಾರ್ಪಣೆಯಾಗಿ ವಾರವೂ ಆಗಿರಲಿಲ್ಲ, ರಾಮನಗರದ ಹತ್ತಿರ ಸಂಗಬಸವನದೊಡ್ಡಿ ಬಳಿ ರಸ್ತೆಯಲ್ಲಿ ನೀರು ನಿಂತು ದೇಶವೆಲ್ಲ ನಕ್ಕಿತು. ಆಗ ಪ್ರಾಧಿಕಾರ ಕೊಟ್ಟ ವಿವರಣೆ ನನಗೆ ಚೆನ್ನಾಗಿ ನೆನಪಿದೆ. ಹಳ್ಳಿಯವರು ತಮ್ಮ ಊರಿಗೆ, ಹೊಲಕ್ಕೆ ಹತ್ತಿರದ ದಾರಿ ಮಾಡಿಕೊಳ್ಳಲು ಚರಂಡಿಗೆ ಮಣ್ಣು ತುಂಬಿದ್ದರು, ಅದಕ್ಕೆ ನೀರು ನಿಂತಿತು ಅಂದಿರಿ. ಆ ಮಾತು ನಿಜ ಅಂತಲೇ ಇಟ್ಟುಕೊಳ್ಳೋಣ. ಅದನ್ನು ಹಳ್ಳಿಯವರ ಮೇಲೆ ದೂರು ಅಂತ ಎಲ್ಲರೂ ಓದಿದರು. ನಾನು ಓದಿದ್ದು ಬೇರೆ ಥರ. ಹೊಲಕ್ಕೆ ಹೋಗುವ ದಾರಿ ಸಿಕ್ಕಿದ್ದರೆ ಬುಟ್ಟಿಯಲ್ಲಿ ಮಣ್ಣು ಹೊತ್ತು ಚರಂಡಿ ತುಂಬುವ ಕೆಲಸ ಯಾರಿಗೆ ಬೇಕಿತ್ತು? ಸುಮ್ನೆ ಯಾರೂ ಅಷ್ಟು ಬೆವರು ಸುರಿಸುವುದಿಲ್ಲ. ಬೇಲಿ ಕಿತ್ತ ಕಡೆಯಲ್ಲೂ ಇದೇ ಮಾತು. ಕಂಬಿ ಕದ್ದು ಮಾರಿದವರನ್ನು ಹಿಡಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಬೇಲಿ ಪದೇ ಪದೇ ಒಂದೇ ಜಾಗದಲ್ಲಿ ಮುರಿಯುತ್ತಿದ್ದರೆ ಅಲ್ಲೊಂದು ಕಾಲುದಾರಿ ಇತ್ತು ಅಂತ ತಿಳಿಯಿರಿ. ಇಡೀ ಹೆದ್ದಾರಿಗೆ 89 ಕೆಳಸೇತುವೆ, ಮೇಲ್ಸೇತುವೆ ಕಟ್ಟಿದ್ದೇವೆ ಅಂತ ಲೆಕ್ಕ ಇದೆ. ಸಂಖ್ಯೆ ಕಡಿಮೆ ಏನಲ್ಲ. ಅವು ಜನ ದಾಟುವ ಜಾಗದಲ್ಲಿ ಇವೆಯೋ, ನಕ್ಷೆಗೆ ಅನುಕೂಲವಾದ ಜಾಗದಲ್ಲಿ ಇವೆಯೋ, ಅದನ್ನು ನೋಡಬೇಕು.

ಈಗ ದುಡ್ಡಿನ ವಿಷಯಕ್ಕೆ ಬರುತ್ತೇನೆ.

ಟೋಲ್ ಕಟ್ಟುವವರು ಬೂತಿನಲ್ಲಿ ಕೂತ ಹುಡುಗರ ಮೇಲೆ ರೇಗುವುದನ್ನು ಎಲ್ಲರೂ ನೋಡಿದ್ದಾರೆ. ಅದರಿಂದ ಏನೂ ಆಗುವುದಿಲ್ಲ. ಈ ರಸ್ತೆ ಕಟ್ಟಿದ್ದು ಹೈಬ್ರಿಡ್ ಆನ್ಯುಟಿ ಪದ್ಧತಿಯಲ್ಲಿ. ಅಂದರೆ ಕಟ್ಟುವಾಗ ಶೇಕಡ 40 ಭಾಗ ದುಡ್ಡು ಸರ್ಕಾರದ್ದು. ಉಳಿದದ್ದನ್ನು ಗುತ್ತಿಗೆ ಕಂಪನಿ ಹಾಕುತ್ತದೆ, ಆಮೇಲೆ ಆರಾರು ತಿಂಗಳ ಕಂತಿನಲ್ಲಿ ವಾಪಸ್ ಪಡೆಯುತ್ತದೆ. ಟೋಲ್ ದುಡ್ಡು ರಸ್ತೆ ಕಟ್ಟಿದ ಕಂಪನಿಗೆ ಹೋಗುವುದಿಲ್ಲ, ಪ್ರಾಧಿಕಾರಕ್ಕೆ ಬರುತ್ತದೆ. ಹಾಗಾಗಿ ಕೇಳಬೇಕಾದದ್ದು ನಿಮ್ಮನ್ನೇ.

ದರ ಹೇಗೆ ನಿಗದಿಯಾಗುತ್ತದೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ. 2008ರ ಶುಲ್ಕ ನಿಯಮದಲ್ಲಿ ಪ್ರತಿ ಕಿಲೋಮೀಟರಿಗೆ ಇಷ್ಟು ಅಂತ ಇದೆ. ಪ್ರತಿ ವರ್ಷ ಅದಕ್ಕೆ ಶೇಕಡ 3 ಸೇರುತ್ತದೆ, ಜೊತೆಗೆ ಸಗಟು ಬೆಲೆ ಏರಿಕೆಯ ಶೇಕಡ 40 ಭಾಗ. ದೊಡ್ಡ ಖರ್ಚಿನ ಬೈಪಾಸ್ ಆದರೆ ಒಂದೂವರೆ ಪಟ್ಟು. ಸೇತುವೆ, ಫ್ಲೈಓವರ್ ಆದರೆ ಅದರ ಒಂದು ಕಿಲೋಮೀಟರನ್ನು ಹತ್ತು ಕಿಲೋಮೀಟರ್ ಅಂತ ಎಣಿಸುವ ಪದ್ಧತಿ ಇತ್ತು. 2025ರ ಜುಲೈನಲ್ಲಿ ಇದನ್ನು ಬದಲಿಸಿ, ಸೇತುವೆ ಜಾಸ್ತಿ ಇರುವ ಕಡೆ ಹೊರೆ ಇಳಿಸಿದರು. ಒಳ್ಳೆಯದಾಯಿತು. ಆದರೆ ಈ ಲೆಕ್ಕದ ಒಳಗಿನ ತಮಾಷೆ ನೋಡಿ. ರಸ್ತೆ ನಮ್ಮ ಊರಿನ ಪಕ್ಕದಿಂದ ಹೋದರೆ ಜಾಸ್ತಿ, ತಲೆಯ ಮೇಲಿಂದ ಹೋದರೆ ಇನ್ನೂ ಜಾಸ್ತಿ. ಊರನ್ನು ಮುಟ್ಟದೆ ಇರುವುದಕ್ಕೆ ಬೆಲೆ ಕಟ್ಟಿದ್ದೀರಿ. ಊರಿಗೆ ಆದ ನಷ್ಟಕ್ಕೆ ಆ ನಿಯಮದಲ್ಲಿ ಸಾಲೇ ಇಲ್ಲ.

ಬಿಡದಿಯ ಉದಾಹರಣೆ ತಗೊಳ್ಳಿ. ದೊಡ್ಡ ಕೈಗಾರಿಕಾ ಪ್ರದೇಶ, ಸಾವಿರಾರು ಜನ ಬೆಂಗಳೂರಿಂದ ಬಂದು ಹೋಗುತ್ತಾರೆ. ಗೇಟು ಇರುವುದು ಬಿಡದಿಗೂ ಬೆಂಗಳೂರಿಗೂ ನಡುವೆ. ಬೆಂಗಳೂರಿಂದ ಬಿಡದಿಗೆ ಬರುವವನು ಮುಖ್ಯ ರಸ್ತೆ ಹತ್ತಿದರೆ ನಿಡಘಟ್ಟದವರೆಗಿನ ದುಡ್ಡು ಪೂರ್ತಿ ಕಟ್ಟಬೇಕು. ಅದೇ ರಾಮನಗರದಲ್ಲಿ ಹತ್ತಿ ಮಂಡ್ಯದಲ್ಲಿ ಇಳಿಯುವವನಿಗೆ ನಡುವೆ ಗೇಟೇ ಇಲ್ಲ, ಟೋಲೂ ಇಲ್ಲ. ನನ್ನಂಥವನಿಗೆ ಇದರಿಂದ ಲಾಭವೇ. ಆದರೂ ಇದು ನ್ಯಾಯ ಅಂತ ಹೇಳಲು ಬಾಯಿ ಬರುವುದಿಲ್ಲ. ಹತ್ತಿರದವರಿಗೆ ತಿಂಗಳ ಪಾಸ್ ಇದೆ ಅನ್ನುತ್ತೀರಿ. ಇದೆ, ಗೇಟಿನಿಂದ 20 ಕಿಲೋಮೀಟರ್ ಒಳಗೆ ಇರುವವರ ಸ್ವಂತ ವಾಹನಕ್ಕೆ, ಆ ಒಂದು ಗೇಟಿಗೆ. ಮದ್ದೂರಿನವರು ಎರಡೂ ಗೇಟಿಗೆ ದೂರ. ನಮ್ಮ ಜಮೀನು ರಸ್ತೆಗೆ ಹತ್ತಿರ ಇತ್ತು, ಮನೆ ಮಾತ್ರ ಗೇಟಿಗೆ ದೂರ ಆಗಿಬಿಟ್ಟಿತು. 2025ರ ಆಗಸ್ಟ್ 15ರಿಂದ 200 ಸಲ ದಾಟುವ ವಾರ್ಷಿಕ ಪಾಸ್ ಬಂದಿದೆ, ಶುರುವಾದಾಗ ಅದಕ್ಕೆ 3,000 ರೂಪಾಯಿ ಇತ್ತು. ಕಾರು ಇದ್ದು ದಿನಾ ಓಡಾಡುವವರಿಗೆ ನಿಜಕ್ಕೂ ಅನುಕೂಲ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಬಾಡಿಗೆ ಗಾಡಿ ಮಾಡಿಕೊಂಡು ಹೋಗುವವರಿಗೆ ಅದರಿಂದ ಏನೂ ಇಲ್ಲ. ಟ್ಯಾಕ್ಸಿಗೆ ಆ ಪಾಸ್ ಸಿಗುವುದಿಲ್ಲ.

ಟೋಲ್ ಅಂದರೆ ಕಾರಿನವರ ಗೋಳು ಅಂದುಕೊಂಡಿದ್ದೀರಾ? 2023ರ ಮಾರ್ಚಿನಲ್ಲಿ ಟೋಲ್ ಶುರುವಾದ ಕೂಡಲೇ ಕೆಎಸ್ಆರ್‌ಟಿಸಿ ಈ ದಾರಿಯ ಟಿಕೆಟ್ಟಿಗೆ ಬಳಕೆದಾರರ ಶುಲ್ಕ ಸೇರಿಸಿತು. ಕೆಂಪು ಬಸ್ಸಿಗೆ 15, ರಾಜಹಂಸಕ್ಕೆ 18, ಮಲ್ಟಿ ಆಕ್ಸೆಲ್ ಬಸ್ಸಿಗೆ 20 ರೂಪಾಯಿ. ಫಾಸ್ಟ್ಯಾಗ್ ಅಂದರೆ ಏನು ಅಂತ ಗೊತ್ತಿಲ್ಲದ ಅಜ್ಜಿಯೂ ಕಟ್ಟಿದಳು. ಅದರಲ್ಲೂ ಒಂದು ವಿಚಿತ್ರ ಇದೆ. ಬೈಪಾಸ್ ಹಿಡಿದು ತಡೆರಹಿತವಾಗಿ ಹೋಗುವ ಬಸ್ಸು ಊರೊಳಗೆ ಬರುವುದಿಲ್ಲ, ಊರೊಳಗೆ ಬರುವ ಬಸ್ಸು ಬೇಗ ಹೋಗುವುದಿಲ್ಲ. ನಡುವಿನ ಊರಿನವರಿಗೆ ಸಿಕ್ಕುವುದು ಎರಡನೆಯದು.

ನ್ಯಾಯವಾಗಿ ದುಡ್ಡು ತಗೊಳ್ಳುವ ದಾರಿ ಇಲ್ಲ ಅಂತಲ್ಲ. ಅದನ್ನು ನಮ್ಮ ರಸ್ತೆಯಲ್ಲೇ ಪರೀಕ್ಷೆ ಮಾಡಿದ್ದೀರಿ. ಉಪಗ್ರಹದ ಮೂಲಕ, ಎಷ್ಟು ದೂರ ಓಡಿಸಿದರೆ ಅಷ್ಟಕ್ಕೇ ಟೋಲ್ ಅನ್ನುವ ಪದ್ಧತಿ. ಪ್ರಾಯೋಗಿಕವಾಗಿ ಇದನ್ನು ನೋಡಲು ದೇಶದಲ್ಲಿ ಆರಿಸಿದ ಎರಡು ಕಡೆಗಳಲ್ಲಿ ಒಂದು ಪಾಣಿಪತ್–ಹಿಸಾರ್, ಇನ್ನೊಂದು ಬೆಂಗಳೂರು–ಮೈಸೂರು. 2024ರ ಸೆಪ್ಟೆಂಬರಿನಲ್ಲಿ ನಿಯಮವನ್ನೂ ತಿದ್ದಿದರು. ಅಂಥ ಉಪಕರಣ ಇರುವ ವಾಹನಕ್ಕೆ ದಿನಕ್ಕೆ 20 ಕಿಲೋಮೀಟರ್ ಉಚಿತ ಅಂತಲೂ ಬಂತು. ಆಮೇಲೆ 2025ರಲ್ಲಿ, ದೇಶಾದ್ಯಂತ ಇದನ್ನು ತರುವ ತೀರ್ಮಾನ ಆಗಿಲ್ಲ ಅಂತ ಸಚಿವಾಲಯವೇ ಹೇಳಿತು. ಉಪಗ್ರಹ ಬೇಡ ಅಂದರೆ ಬೇಡ. ಎಲ್ಲಿ ಯಾರು ಕಾರಲ್ಲಿ ಹೋಗುತ್ತಾರೆ ಅಂತ ಸರ್ಕಾರಕ್ಕೆ ಗೊತ್ತಾಗುವುದು ನನಗೂ ಅಷ್ಟು ಇಷ್ಟವಿಲ್ಲ. ಹತ್ತುವ, ಇಳಿಯುವ ಕಡೆ ಫಾಸ್ಟ್ಯಾಗ್ ಓದುವ ಯಂತ್ರ ಇಟ್ಟರೂ ದೂರದ ಲೆಕ್ಕ ಸಿಗುತ್ತದೆ. ಬಿಡದಿಯವನು ಬಿಡದಿಯಷ್ಟೇ ಕಟ್ಟಲಿ. ನಾವು ಮದ್ದೂರಿನವರು ಈಗ ಬಿಟ್ಟಿಯಾಗಿ ಹೋಗುವ ದೂರಕ್ಕೂ ಕಟ್ಟೋಣ. ಇದನ್ನು ಓದಿ ನಮ್ಮ ಕಡೆಯವರೇ ನನ್ನ ಮೇಲೆ ಸಿಟ್ಟಾಗಬಹುದು. ಆಗಲಿ.

ಹಾಗೆ ಕಟ್ಟುವ ದುಡ್ಡಿಗೆ ಪ್ರತಿಯಾಗಿ ನಾನು ಕೇಳುವುದು ಮೊದಲು ಒಂದು ನಕ್ಷೆ. ಕೆಂಗೇರಿಯಿಂದ ಮೈಸೂರಿನವರೆಗೆ ಎರಡೂ ಬದಿಯ ಸರ್ವಿಸ್ ರಸ್ತೆ ಎಲ್ಲೆಲ್ಲಿ ಇದೆ, ಎಲ್ಲೆಲ್ಲಿ ಕಡಿದುಹೋಗಿದೆ, ಕಡಿದ ಕಡೆ ಟ್ರ್ಯಾಕ್ಟರು, ಬೈಕು ಯಾವ ಹಾದಿ ಹಿಡಿಯಬೇಕು, ಅಲ್ಲಿ ಸೇತುವೆ ಯಾವಾಗ ಬರುತ್ತದೆ. ಕನ್ನಡದಲ್ಲಿ, ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸುವ ಹಾಗೆ. ನಿಮ್ಮ ಕಡತದಲ್ಲಿ ಈ ಮಾಹಿತಿ ಇದ್ದೇ ಇರುತ್ತದೆ. ಹೊಸದಾಗಿ ಖರ್ಚಿಲ್ಲ. ನಕ್ಷೆ ಹೊರಗೆ ಬಂದರೆ ಕೆಲಸ ಎಲ್ಲಿ ನಿಂತಿದೆ ಅಂತ ಯಾರು ಬೇಕಾದರೂ ಕೇಳಬಹುದು. ಬಹುಶಃ ಅದಕ್ಕೇ ಹೊರಗೆ ಬಂದಿಲ್ಲ.

ರಾಜ್ಯ ಸರ್ಕಾರದವರು ಇದು ಕೇಂದ್ರದ ರಸ್ತೆ ಅಂತ ಕೈ ತೊಳೆದುಕೊಳ್ಳಬೇಡಿ. ಬೈಪಾಸ್ ಆದ ಮೇಲೆ ಊರೊಳಗೆ ಉಳಿದ ಹಳೇ ಹೆದ್ದಾರಿ ಇದೆಯಲ್ಲ, ಅದರ ದೀಪ, ಅದರ ಡಾಂಬರು, ಅದರ ಚರಂಡಿ ಯಾರ ಜವಾಬ್ದಾರಿ ಅಂತ ಮೊದಲು ಲಿಖಿತವಾಗಿ ಹೇಳಿ. ಗುಂಡಿ ಬಿದ್ದಾಗ ಪುರಸಭೆ ಆ ಕಡೆ ಕೈ ತೋರಿಸುವುದು, ಇಲಾಖೆ ಈ ಕಡೆ ತೋರಿಸುವುದು ಸಾಕು.

ಇನ್ನು ಬೋರ್ಡಿನ ವಿಷಯ. ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿ ಎರಡು ದಶಕ ಆಗುತ್ತಾ ಬಂತು. ಬೊಂಬೆ ಅಂಗಡಿಗಳ ಸಾಲು ಇರುವುದು ಹಳೇ ರಸ್ತೆಯಲ್ಲಿ. ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜನಪದ ಸಂಗ್ರಹಾಲಯ ಜಾನಪದ ಲೋಕ ಇರುವುದೂ ಹಳೇ ರಸ್ತೆಯಲ್ಲಿ. ಅವರು ಒಂದು ಜೀವಮಾನ ಊರೂರು ಅಲೆದು ಕೂಡಿಸಿದ್ದು ಅಲ್ಲಿದೆ. ಬೈಪಾಸಿನಲ್ಲಿ ನೂರರ ವೇಗದಲ್ಲಿ ಬರುವವನಿಗೆ ಇಲ್ಲಿ ಇಳಿದರೆ ಇವೆಲ್ಲ ಸಿಗುತ್ತವೆ ಅಂತ ಎರಡು ಕಿಲೋಮೀಟರ್ ಮೊದಲೇ ಗೊತ್ತಾಗಬೇಕು. ಇಳಿದವನಿಗೆ ವಾಪಸ್ ಹತ್ತುವ ದಾರಿಯೂ ಸುಲಭವಾಗಿ ಕಾಣಬೇಕು. ಹಾಗಾದರೆ ಸ್ವಲ್ಪ ಜನವಾದರೂ ಇಳಿಯುತ್ತಾರೆ. ಇಳಿಯುವ ಮನಸ್ಸಿದ್ದೂ ದಾರಿ ತಿಳಿಯದೆ ಮುಂದೆ ಹೋದ ಗಿರಾಕಿ ನಮ್ಮ ಅಂಗಡಿಯವರಿಗೆ ನಷ್ಟ. ಹೆದ್ದಾರಿ ಬದಿಯಲ್ಲಿ ವಿಶ್ರಾಂತಿ ತಾಣ, ಶೌಚಾಲಯ, ಪೆಟ್ರೋಲ್ ಬಂಕ್ ಬರುತ್ತವೆ ಅಂದಾಗಲೂ ಇದೇ ನನ್ನ ಮಾತು. ಅಲ್ಲಿನ ಮಳಿಗೆಗಳಲ್ಲಿ ಒಂದು ಪಾಲು ಈ ಊರುಗಳ ಬೊಂಬೆಯವರಿಗೆ, ವಡೆ ಮಾಡುವವರಿಗೆ, ಬೆಲ್ಲದ ಆಲೆಮನೆಯವರಿಗೆ, ಸ್ತ್ರೀಶಕ್ತಿ ಸಂಘಗಳಿಗೆ ಕಡಿಮೆ ಬಾಡಿಗೆಗೆ ಇರಲಿ. ದೊಡ್ಡ ಹೋಟೆಲಿನವರು ಹೇಗೂ ಬರುತ್ತಾರೆ.

ಕೊನೆಯದಾಗಿ ಒಂದು ವಿಷಯ. ಇದಕ್ಕೆ ಸಮಯ ಇನ್ನೂ ಮೀರಿಲ್ಲ. ಗೆಜ್ಜಲಗೆರೆಯ ಆ ವೇದಿಕೆಯಲ್ಲೇ, ಅದೇ ದಿನ, ಇನ್ನೊಂದು ರಸ್ತೆಗೆ ಶಂಕುಸ್ಥಾಪನೆ ಆಯಿತು. ಮೈಸೂರಿಂದ ಕುಶಾಲನಗರಕ್ಕೆ 92 ಕಿಲೋಮೀಟರ್ ನಾಲ್ಕು ಪಥ, ಆಗ ಹೇಳಿದ ಅಂದಾಜು 4,130 ಕೋಟಿ. ಇದೇ 275ರ ಮುಂದಿನ ತುಂಡು. ಅಲ್ಲಿ ಕಬ್ಬಿನ ಬದಲು ಹೊಗೆಸೊಪ್ಪು. ಬೇಲ್ ಕಟ್ಟಿದ ತಂಬಾಕು ಹೇರಿಕೊಂಡು ಹರಾಜು ಮಾರುಕಟ್ಟೆಗೆ ಹೋಗುವ ಗಾಡಿಗಳು, ರಸ್ತೆಯ ಒಂದು ಬದಿಗೆ ಮನೆ ಇನ್ನೊಂದು ಬದಿಗೆ ಜಮೀನು ಆಗಲಿರುವ ರೈತರು ಅಲ್ಲೂ ಇದ್ದಾರೆ. ಹುಣಸೂರಿನಲ್ಲಿ, ಪಿರಿಯಾಪಟ್ಟಣದಲ್ಲಿ, ಮಣ್ಣು ಗಟ್ಟಿಯಾಗುವ ಮೊದಲೇ ಒಂದೊಂದು ಸಭೆ ಕರೆಯಿರಿ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಬೇಡ, ಹಳ್ಳಿಯಲ್ಲೇ ಕರೆಯಿರಿ. ನಕ್ಷೆ ಹರಡಿ, ದನ ಎಲ್ಲಿ ದಾಟುತ್ತದೆ, ಶಾಲೆಯ ಮಕ್ಕಳು ಎಲ್ಲಿ ದಾಟುತ್ತಾರೆ, ಮಳೆ ನೀರು ಎಲ್ಲಿ ಹರಿಯುತ್ತದೆ ಅಂತ ಕೇಳಿ, ಅಲ್ಲೇ ಗುರುತು ಹಾಕಿಕೊಳ್ಳಿ. ನಮ್ಮ ಕಡೆಯಿಂದ ಯಾರಾದರೂ ಬಂದು ನಡೆದದ್ದು ಹೇಳಬೇಕು ಅಂದರೆ ಹೇಳಿ ಕಳಿಸಿ. ನಾವು ಬರುತ್ತೇವೆ, ಕೆಂಪು ಬಸ್ಸಿನಲ್ಲಿ.

ಇಂತಿ,
ಮದ್ದೂರು ತಾಲ್ಲೂಕಿನ ಒಬ್ಬ ನಿವಾಸಿ